ಊಲಾಂಗ್ ಚಹಾಕ್ಕೆ ಮಣ್ಣಿನ ಟೀಪಾಟ್ ಕೊಳ್ಳುತ್ತಿದ್ದೀರಾ? ಮುದ್ರೆ, ಬೆಲೆ ನೋಡುವ ಮೊದಲು ಇವನ್ನು ಪರೀಕ್ಷಿಸಿ

ಅಂಗೈಯಲ್ಲಿ ಕೂರುವಷ್ಟು ಪುಟ್ಟ, ಕಂದು ಬಣ್ಣದ, ಗಾಜಿನ ಲೇಪವಿಲ್ಲದ ಮಣ್ಣಿನ ಟೀಪಾಟ್. ಚೀನಾದ ಊಲಾಂಗ್ ಚಹಾದ ರುಚಿ ಹತ್ತಿದವರು ಇಂದಲ್ಲ ನಾಳೆ ಇದನ್ನು ಹುಡುಕಿಕೊಂಡು ಹೋಗುತ್ತಾರೆ. ಆನ್‌ಲೈನ್‌ನಲ್ಲಿ ‘ಯಿಶಿಂಗ್ ಟೀಪಾಟ್’ ಎಂದು ಹುಡುಕಿದರೆ ಅಗ್ಗದ್ದೂ ಸಿಗುತ್ತದೆ, ಹತ್ತಾರು ಸಾವಿರ ರೂಪಾಯಿಯದ್ದೂ ಸಿಗುತ್ತದೆ. ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಾಗಾದರೆ ಆಯ್ಕೆ ಹೇಗೆ? ಮೊದಲು ಚಹಾ ಯಾವುದೆಂದು ಗೊತ್ತಾಗಬೇಕು, ಪಾಟ್ ಆಮೇಲೆ. ಈ ಕ್ರಮ ತಪ್ಪಿದರೆ ದುಬಾರಿ ಪಾಟ್ ಶೋಕೇಸ್ ಸೇರುತ್ತದೆ.

ಪಾಟ್ ಇಷ್ಟು ಚಿಕ್ಕದೇಕೆ?

ಗ್ರೀನ್ ಟೀಗೂ ಬ್ಲ್ಯಾಕ್ ಟೀಗೂ ನಡುವಿನದ್ದು ಊಲಾಂಗ್. ಎಲೆಯನ್ನು ಬಾಡಿಸಿ, ಅಂಚುಗಳನ್ನು ಜಜ್ಜಿ, ಗಾಳಿಯ ಸಂಪರ್ಕದಿಂದ ಅರ್ಧಂಬರ್ಧ ಬಣ್ಣ ತಿರುಗಿದಾಗ ಬಿಸಿ ಮಾಡಿ ಆ ಕ್ರಿಯೆಯನ್ನು ನಿಲ್ಲಿಸುತ್ತಾರೆ. ಚೀನಾದ ಫುಜಿಯಾನ್, ಗುವಾಂಗ್‌ಡಾಂಗ್ ಪ್ರಾಂತ್ಯಗಳು ಮತ್ತು ತೈವಾನ್ ಇದರ ತವರು. ನಮ್ಮ ಡಾರ್ಜಿಲಿಂಗ್‌ನ ಕೆಲವು ತೋಟಗಳೂ ಊಲಾಂಗ್ ತಯಾರಿಸುತ್ತವೆ.

ಇದನ್ನು ಮಾಡುವ ಸಾಂಪ್ರದಾಯಿಕ ವಿಧಾನಕ್ಕೆ ‘ಗೊಂಗ್‌ಫು ಚಾ’ ಎಂದು ಹೆಸರು. ನಾವು ‘ಕುಂಗ್ ಫೂ’ ಎನ್ನುವುದೂ ಇದೇ ಪದ. ಶ್ರಮಪಟ್ಟು ಗಳಿಸಿದ ಕೌಶಲ ಎಂದು ಅದರ ಅರ್ಥ. ಇಲ್ಲಿ ಎಲೆ ಹೆಚ್ಚು, ನೀರು ಕಡಿಮೆ, ಸಮಯ ಇನ್ನೂ ಕಡಿಮೆ. 100 ಮಿಲಿಲೀಟರ್ ನೀರಿಗೆ 5ರಿಂದ 7 ಗ್ರಾಂ ಎಲೆ ಹಾಕಿ, ಕುದಿಯುವ ನೀರು ಸುರಿದು, 10ರಿಂದ 20 ಸೆಕೆಂಡಿನಲ್ಲಿ ಬಗ್ಗಿಸಿಬಿಡುತ್ತಾರೆ. ಅದೇ ಎಲೆಯಿಂದ ಆರೇಳು ಸಲ ಚಹಾ ಬರುತ್ತದೆ, ಪ್ರತಿ ಸಲವೂ ರುಚಿ ಸ್ವಲ್ಪ ಬೇರೆ.

ಲೆಕ್ಕ ಹಾಕಿ ನೋಡಿ. 100 ಮಿಲಿಯ ಪಾಟ್‌ಗೆ ಸಲಕ್ಕೆ 6 ಗ್ರಾಂ ಸಾಕು, 100 ಗ್ರಾಂ ಪ್ಯಾಕೆಟ್ 16 ಸಲಕ್ಕೆ ಬರುತ್ತದೆ. 250 ಮಿಲಿಯ ಪಾಟ್‌ಗೆ 15 ಗ್ರಾಂ ಬೇಕು, ಪ್ಯಾಕೆಟ್ ಆರೇ ಸಲಕ್ಕೆ ಮುಗಿಯುತ್ತದೆ. ಒಬ್ಬರಿಗೆ, ಇಬ್ಬರಿಗೆ 80ರಿಂದ 120 ಮಿಲಿ, ಮೂರ್ನಾಲ್ಕು ಜನರಿಗೆ 150 ಮಿಲಿ ಧಾರಾಳವಾಯಿತು. ಚೀನೀ ಬಟ್ಟಲುಗಳೂ ಎರಡು ಗುಟುಕಿನವು ಎಂಬುದು ನೆನಪಿರಲಿ.

ಯಿಶಿಂಗ್‌ಗೆ ಏಕಿಷ್ಟು ಹೆಸರು?

ಯಿಶಿಂಗ್ ಇರುವುದು ಜಿಯಾಂಗ್ಸು ಪ್ರಾಂತ್ಯದಲ್ಲಿ, ತಾಯ್ ಸರೋವರದ ಪಶ್ಚಿಮಕ್ಕೆ. ಇಲ್ಲಿನ ಮಣ್ಣಿಗೆ ‘ಝೀಶಾ’, ಅಂದರೆ ನೇರಳೆ ಮರಳು ಎಂದು ಹೆಸರು. ಗಣಿಯಿಂದ ಬರುವಾಗ ಅದು ಕಲ್ಲು. ಅದನ್ನು ಒಡೆದು, ಪುಡಿ ಮಾಡಿ, ಹದಗೊಳಿಸುತ್ತಾರೆ. ನೇರಳೆಗಂದು, ಕೆಂಪು, ತಿಳಿಹಳದಿ ಇದರ ಮುಖ್ಯ ಬಣ್ಣಗಳು. ನಮ್ಮ ಕುಂಬಾರರಂತೆ ಚಕ್ರದ ಮೇಲೆ ತಿರುಗಿಸದೆ, ಮಣ್ಣನ್ನು ಹಲಗೆಯಂತೆ ತಟ್ಟಿ, ಕತ್ತರಿಸಿ, ಜೋಡಿಸುವುದು ಅಲ್ಲಿನ ಪದ್ಧತಿ. ಸುಮಾರು 1100ರಿಂದ 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುವುದರಿಂದ ಪಾಟ್ ಗಟ್ಟಿಯಾಗುತ್ತದೆ, ಆದರೂ ಸೂಕ್ಷ್ಮ ರಂಧ್ರಗಳು ಉಳಿದಿರುತ್ತವೆ. ದೆಹಲಿಯ ರಸ್ತೆ ಬದಿಯ ಕುಲ್ಹಡ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಕುಲ್ಹಡ್ ಕಡಿಮೆ ಶಾಖದಲ್ಲಿ ಸುಟ್ಟದ್ದು, ನೀರು ಹೀರುತ್ತದೆ, ಒಮ್ಮೆ ಕುಡಿದು ಎಸೆಯುವಂಥದ್ದು.

ಚೀನಾದಲ್ಲಿ ಮೊದಲು ಒತ್ತಿದ ಚಹಾ ಬಿಲ್ಲೆಗಳಿಗೆ ಮರ್ಯಾದೆ ಹೆಚ್ಚಿತ್ತು. 1391ರಲ್ಲಿ ಮಿಂಗ್ ಚಕ್ರವರ್ತಿ ಹೋಂಗ್‌ವು ಅರಮನೆಗೆ ಬಿಲ್ಲೆಗಳ ಬದಲು ಬಿಡಿ ಎಲೆಯನ್ನೇ ಕಳುಹಿಸುವಂತೆ ಆದೇಶಿಸಿದ. ಬಿಡಿ ಎಲೆ ನೆನೆಸಲು ಪಾಟ್ ಬೇಕಾಯಿತು. 16ನೇ ಶತಮಾನದಿಂದ ಯಿಶಿಂಗ್ ಪಾಟ್‌ಗಳು ಹೆಸರು ಮಾಡಿದವು. ಈಗ ಅವು ಕಲಾಕೃತಿಗಳೂ ಹೌದು. 20ನೇ ಶತಮಾನದ ಕುಶಲಕರ್ಮಿ ಗು ಜಿಂಗ್‌ಝೌ ಮಾಡಿದ ಒಂದು ಪಾಟ್ 2010ರ ಹರಾಜಿನಲ್ಲಿ 1.2 ಕೋಟಿ ಯುವಾನ್‌ಗೂ ಹೆಚ್ಚು ಬೆಲೆಗೆ ಹೋಯಿತು.

ಊಲಾಂಗ್ ಕುಡಿಯುವವರಿಗೆ ಇನ್ನೊಂದು ಆಯ್ಕೆ ಗುವಾಂಗ್‌ಡಾಂಗ್‌ನ ಚಾವೊಝೌ ಊರಿನ ಕೆಂಪು ಮಣ್ಣಿನ ಪಾಟ್. ಗೊಂಗ್‌ಫು ಚಾ ಪದ್ಧತಿ ಇಂದಿಗೂ ಮನೆಮನೆಯಲ್ಲಿರುವ ಊರದು. ಇಲ್ಲಿನ ಪಾಟ್‌ಗಳನ್ನು ಚಕ್ರದ ಮೇಲೆಯೇ ಮಾಡುತ್ತಾರೆ. ಗೋಡೆ ತೆಳು, ಗಾತ್ರ ಸಣ್ಣ.

ಯಾವ ಚಹಾಕ್ಕೆ ಯಾವ ಪಾಟ್?

ಊಲಾಂಗ್ ಎಲೆ ಎರಡು ರೂಪದಲ್ಲಿ ಬರುತ್ತದೆ. ವುಯಿ ಬೆಟ್ಟದ ‘ದಾ ಹೋಂಗ್ ಪಾವ್’, ಚಾವೊಝೌನ ‘ದಾನ್‌ಸೋಂಗ್’ ಉದ್ದುದ್ದ ತಿರುಚಿದ ಎಲೆಗಳು. ಇವಕ್ಕೆ ಬಾಯಿ ಅಗಲವಿರುವ, ಚಪ್ಪಟೆ ಆಕಾರದ ಪಾಟ್ ಅನುಕೂಲ. ಎಲೆ ಮುರಿಯದೆ ಒಳಗೆ ಹೋಗುತ್ತದೆ. ಆನ್‌ಶಿಯ ‘ತಿಯೆ ಗುವಾನ್‌ಯಿನ್’, ತೈವಾನ್‌ನ ‘ದೋಂಗ್ ದಿಂಗ್’ ಕಾಳಿನಂತೆ ಉಂಡೆ ಕಟ್ಟಿದವು. ನೀರು ಬಿದ್ದರೆ ಅರಳಿ ಹಲವು ಪಟ್ಟು ಹಿಗ್ಗುತ್ತವೆ. ಇವಕ್ಕೆ ದುಂಡಗಿನ ಪಾಟ್ ಒಳ್ಳೆಯದು.

ಮಣ್ಣಿನ ವಿಷಯದಲ್ಲಿ ಅನುಭವಿಗಳು ಪಾಲಿಸುವ ಸೂತ್ರ ಸರಳ. ಹೂವಿನ ಪರಿಮಳವಿರುವ, ಕಡಿಮೆ ಹುರಿದ ಊಲಾಂಗ್‌ಗೆ ತೆಳುವಾದ, ಒತ್ತಾದ ಕೆಂಪು ಮಣ್ಣು. ಚೆನ್ನಾಗಿ ಹುರಿದ, ಗಾಢ ಊಲಾಂಗ್‌ಗೆ ದಪ್ಪ ಗೋಡೆಯ ನೇರಳೆಗಂದು ಮಣ್ಣು. ರಂಧ್ರ ಹೆಚ್ಚಿರುವ ಮಣ್ಣು ಒಗರನ್ನು ತಗ್ಗಿಸುವಂತೆಯೇ ಪರಿಮಳವನ್ನೂ ಸ್ವಲ್ಪ ತಗ್ಗಿಸುತ್ತದೆ ಎನ್ನುವುದು ಅವರ ಅನುಭವ.

ಕೊಳ್ಳುವಾಗ ಮಾಡಬೇಕಾದ ಪರೀಕ್ಷೆಗಳು

ನೀರು ಬಗ್ಗಿಸಿ ನೋಡಿ: ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. 120 ಮಿಲಿಯ ಪಾಟ್ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗಬೇಕು. ಚಹಾ ನೆನೆಯಬೇಕಾದದ್ದು 15 ಸೆಕೆಂಡ್, ಬಗ್ಗಿಸಲು ಹಿಡಿಯುವುದು 25 ಸೆಕೆಂಡ್ ಎಂದಾದರೆ ಕೊನೆಯ ಬಟ್ಟಲು ಕಹಿ. ಎಂಥ ದುಬಾರಿ ಮಣ್ಣೂ ಇದನ್ನು ಸರಿಪಡಿಸಲಾರದು.

ಮೂತಿಯ ಒಳಗೆ ಇಣುಕಿ: ಒಂದೇ ತೂತು ಇದ್ದರೆ ಎಲೆ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಹೊಸಬರಿಗೆ ಹಲವು ಸಣ್ಣ ತೂತುಗಳ ಜಾಲರಿ ಇರುವ ಪಾಟ್ ಸುಲಭ.

ಮುಚ್ಚಳ ಪರೀಕ್ಷಿಸಿ: ಬಗ್ಗಿಸುವಾಗ ಮುಚ್ಚಳದ ತೂತನ್ನು ಬೆರಳಿನಿಂದ ಮುಚ್ಚಿದರೆ ಧಾರೆ ನಿಲ್ಲಬೇಕು. ನಿಂತರೆ ಮುಚ್ಚಳ ಸರಿಯಾಗಿ ಕೂತಿದೆ ಎಂದರ್ಥ. ಅಲ್ಪಸ್ವಲ್ಪ ಸಡಿಲವಿದ್ದರೆ ರುಚಿ ಕೆಡುವುದಿಲ್ಲ, ಕೈ ಮೇಲೆ ಬಿಸಿ ನೀರು ಸೋರದಿದ್ದರೆ ಸಾಕು.

ಮೂತಿಯ ಎತ್ತರ ನೋಡಿ: ಮೂತಿಯ ತುದಿ ಪಾಟ್‌ನ ಬಾಯಿಗಿಂತ ಕೆಳಗಿದ್ದರೆ ತುಂಬುವ ಮೊದಲೇ ನೀರು ಚೆಲ್ಲುತ್ತದೆ.

ವಾಸನೆ ನೋಡಿ: ಕುದಿಯುವ ನೀರು ತುಂಬಿ ಮೂಸಿ. ಮಣ್ಣಿನ ವಾಸನೆ ಸಹಜ. ಬಣ್ಣ, ಮೇಣ, ರಾಸಾಯನಿಕದ ವಾಸನೆ ಬಂದರೆ ಬೇಡ.

ಮುದ್ರೆಯನ್ನು ನಂಬಬಹುದೇ?

ಪಾಟ್‌ನ ತಳದಲ್ಲಿ ಕುಶಲಕರ್ಮಿಯ ಮುದ್ರೆ ಇರುತ್ತದೆ. ಅದೊಂದನ್ನೇ ನೋಡಿ ಹಣ ಕೊಡಬೇಡಿ. 17ನೇ ಶತಮಾನದ ಹುಯಿ ಮೆಂಗ್‌ಚೆನ್ ಎಂಬ ಪ್ರಸಿದ್ಧ ಕುಶಲಕರ್ಮಿಯ ಹೆಸರನ್ನು ನಂತರದ ತಲೆಮಾರಿನವರು ಅಸಂಖ್ಯ ಪಾಟ್‌ಗಳ ಮೇಲೆ ಒತ್ತಿದ್ದಾರೆ. ಚಾವೊಝೌನಲ್ಲಿ ಪುಟ್ಟ ಪಾಟ್‌ಗೇ ‘ಮೆಂಗ್‌ಚೆನ್’ ಎಂಬ ಹೆಸರು ಬಂದುಬಿಟ್ಟಿದೆ.

ಮಣ್ಣಿನಲ್ಲೂ ಮೋಸ ಉಂಟು. ಸಾಮಾನ್ಯ ಮಣ್ಣಿಗೆ ಲೋಹದ ಆಕ್ಸೈಡ್‌ಗಳ ಬಣ್ಣ ಬೆರೆಸಿ ಝೀಶಾ ಎಂದು ಮಾರುತ್ತಿದ್ದುದನ್ನು 2010ರಲ್ಲಿ ಚೀನಾದ ಸರ್ಕಾರಿ ವಾಹಿನಿ ಸಿಸಿಟಿವಿಯೇ ಬಯಲಿಗೆಳೆದಿತ್ತು. ಅತಿ ಕಡಿಮೆ ಬೆಲೆ, ಕಣ್ಣು ಕುಕ್ಕುವ ಬಣ್ಣ, ಗಾಜಿನಂತೆ ನುಣುಪಾದ ಮೈ, ಜೊತೆಗೆ ‘ಅಪರೂಪದ ಹಳೆಯ ಗಣಿ ಮಣ್ಣು’ ಎಂಬ ಮಾತು, ಇವು ಒಟ್ಟಿಗೆ ಕಂಡರೆ ಅನುಮಾನಿಸಿ. ಆದರೆ ಅಚ್ಚಿನ ನೆರವಿನಿಂದ ಮಾಡಿದ ‘ಅರೆ ಕೈಕೆಲಸ’ದ ಪಾಟ್ ನಕಲಿಯಲ್ಲ. ದಿನಬಳಕೆಗೆ ಅದು ಚೆನ್ನಾಗಿಯೇ ಒದಗುತ್ತದೆ.

ತಂದ ಮೇಲೆ ಏನು ಮಾಡಬೇಕು?

ಹೊಸ ಮಡಕೆ ಪಳಗಿಸುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಇದೂ ಹಾಗೆಯೇ. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ತಣ್ಣೀರಿನಲ್ಲಿ ಪಾಟ್ ಮುಳುಗಿಸಿ, ಸಣ್ಣ ಉರಿಯಲ್ಲಿ ಕುದಿಸಿ, ಅದರಲ್ಲೇ ಆರಲು ಬಿಡಿ. ಸೋಪು, ಡಿಶ್‌ವಾಶ್ ಲಿಕ್ವಿಡ್ ತಾಗಿಸಬೇಡಿ. ಹಾಲು, ಸಕ್ಕರೆ, ಏಲಕ್ಕಿಗೆ ಇದರಲ್ಲಿ ಜಾಗವಿಲ್ಲ. ಒಂದು ಪಾಟ್‌ಗೆ ಒಂದೇ ಬಗೆಯ ಚಹಾ ಎಂಬ ನಿಯಮ ಇಟ್ಟುಕೊಳ್ಳಿ.

ಮುಂಬೈ ಮಳೆಗಾಲದಲ್ಲಿ, ಚೆನ್ನೈ ಸೆಕೆಯಲ್ಲಿ ಎಲೆಯನ್ನು ರಾತ್ರಿಯಿಡೀ ಒಳಗೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಿಸಿ ನೀರಿನಲ್ಲಿ ತೊಳೆದು, ಮುಚ್ಚಳ ತೆಗೆದು ಒಣಗಿಸಿ. ಗಡಸು ನೀರಿನ ಬೋರ್‌ವೆಲ್ ಇರುವ ಕಡೆ ಒಳಗೆ ಬಿಳಿ ಪದರ ಕಟ್ಟುತ್ತದೆ, ಚಹಾದ ಪರಿಮಳವೂ ಮಂಕಾಗುತ್ತದೆ. ಫಿಲ್ಟರ್ ನೀರು ಬಳಸಿ.

ಮೊದಲ ಸಲ ಕೊಳ್ಳುವವರಿಗೆ

ಇನ್ನೂ ಯಾವ ಊಲಾಂಗ್ ಇಷ್ಟ ಎಂದೇ ಗೊತ್ತಿಲ್ಲದಿದ್ದರೆ ಪಾಟ್ ಬೇಡ. ಬಿಳಿ ಪಿಂಗಾಣಿಯ ‘ಗೈವಾನ್’, ಅಂದರೆ ಮುಚ್ಚಳ, ತಟ್ಟೆ ಇರುವ ಬಟ್ಟಲು ಸಾಕು. ಪಿಂಗಾಣಿ ರುಚಿಯನ್ನು ಹೀರುವುದಿಲ್ಲ, ಯಾವ ಚಹಾ ಬೇಕಾದರೂ ಮಾಡಬಹುದು. ಮೂರ್ನಾಲ್ಕು ಬಗೆ ಕುಡಿದು ನೋಡಿ. ಪದೇ ಪದೇ ಕೈ ಹೋಗುವ ಚಹಾ ಯಾವುದೆಂದು ತಿಳಿದ ಮೇಲೆ ಅದರ ಎಲೆಗೆ ಒಪ್ಪುವ ಆಕಾರ, ನಿಮ್ಮ ಮನೆಯ ಬಟ್ಟಲುಗಳಿಗೆ ಒಪ್ಪುವ ಗಾತ್ರ ಹುಡುಕಿ. ಪಾಟ್ ಬಂದ ದಿನ ಅದೇ ಎಲೆ, ಅದೇ ನೀರಿನಲ್ಲಿ ಗೈವಾನ್ ಮತ್ತು ಪಾಟ್ ಎರಡರಲ್ಲೂ ಚಹಾ ಮಾಡಿ ಪಕ್ಕಪಕ್ಕ ಇಟ್ಟು ಕುಡಿಯಿರಿ. ಕೊಟ್ಟ ಹಣ ಸಾರ್ಥಕವೇ ಅಲ್ಲವೇ ಎಂಬುದನ್ನು ನಿಮ್ಮ ನಾಲಿಗೆಯೇ ಹೇಳುತ್ತದೆ.