ಎರಡು ಕಾರುಗಳು, ಎರಡು ಧ್ಯೇಯಗಳು

ಯಂತ್ರದ ಹಿರಿಮೆಯನ್ನು ಅಂಕಿಗಳಿಂದ ಅಳೆಯುವುದು ಲೋಕದ ವಾಡಿಕೆ. ಎಂಜಿನಿನ ಗಾತ್ರವೆಷ್ಟು, ಅಶ್ವಶಕ್ತಿಯೆಷ್ಟು, ವೇಗವೆಷ್ಟು ಎಂದು ಕೇಳಿ, ಇದು ಮೇಲು, ಅದು ಕೀಳು ಎಂದು ತೀರ್ಪು ನೀಡುವವರೇ ಹೆಚ್ಚು. ಈ ಅಳತೆಗೋಲು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಪ್ಪತ್ತನೆಯ ಶತಮಾನದ ಆರಂಭದ ಎರಡು ಪ್ರಸಿದ್ಧ ಕಾರುಗಳಿಂದ ಅರಿಯಬಹುದು. ಒಂದು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಸಂಸ್ಥೆಯ ‘ಸಿಲ್ವರ್ ಗೋಸ್ಟ್’. ಮತ್ತೊಂದು ಅಮೆರಿಕದ ಹೆನ್ರಿ ಫೋರ್ಡನ ‘ಮಾಡೆಲ್ ಟಿ’.

ಇವುಗಳಲ್ಲಿ ಹೆನ್ರಿ ರಾಯ್ಸ್ ರೂಪಿಸಿದ ಕಾರು 1906ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅದರ ಎಂಜಿನಿಗೆ ಆರು ಸಿಲಿಂಡರುಗಳು; ಗಾತ್ರ 7 ಲೀಟರು; ಶಕ್ತಿ 48 ಅಶ್ವಶಕ್ತಿ. ಬೆಳ್ಳಿಯ ಬಣ್ಣ ಬಳಿದ ಒಂದು ಕಾರು ಸದ್ದಿಲ್ಲದೆ ಸಂಚರಿಸುತ್ತಿದ್ದುದರಿಂದ ಅದಕ್ಕೆ ‘ಬೆಳ್ಳಿಯ ಭೂತ’ ಎಂಬರ್ಥದ ಹೆಸರು ಬಂದಿತು. ಮುಂದೆ ಆ ಮಾದರಿಯ ಕಾರುಗಳಿಗೆಲ್ಲ ಅದೇ ಹೆಸರು ನಿಂತಿತು. 1907ರಲ್ಲಿ ಅದನ್ನು ಲಂಡನ್ ಮತ್ತು ಗ್ಲಾಸ್ಗೋ ನಗರಗಳ ನಡುವೆ ಮತ್ತೆ ಮತ್ತೆ ಓಡಿಸಿ ಪರೀಕ್ಷಿಸಿದರು. ಸುಮಾರು ಸಾವಿರ ಕಿಲೋಮೀಟರು ಸಾಗಿದಾಗ, ಕುಲುಕಾಟದಿಂದ ಪೆಟ್ರೋಲಿನ ನಲ್ಲಿ ತಾನಾಗಿ ಮುಚ್ಚಿಕೊಂಡು ಕಾರು ನಿಂತಿತು. ಆ ಬಳಿಕ 23,000 ಕಿಲೋಮೀಟರುಗಳಷ್ಟು ದೂರ ಯಂತ್ರದೋಷದಿಂದ ಅದು ಒಮ್ಮೆಯೂ ನಿಲ್ಲಲಿಲ್ಲ.

1908ರಲ್ಲಿ ಮಾರಾಟಕ್ಕೆ ಬಂದ ‘ಮಾಡೆಲ್ ಟಿ’ ಇದರ ಮುಂದೆ ಬಡಕಲಾಗಿ ತೋರುತ್ತದೆ. ನಾಲ್ಕು ಸಿಲಿಂಡರು, 2.9 ಲೀಟರು, 20 ಅಶ್ವಶಕ್ತಿ, ಗಂಟೆಗೆ 65ರಿಂದ 70 ಕಿಲೋಮೀಟರು ವೇಗ. ಪೆಟ್ರೋಲಿನ ತೊಟ್ಟಿ ಆಸನದ ಕೆಳಗಿತ್ತು. ಎಂಜಿನಿಗೆ ಪೆಟ್ರೋಲನ್ನೊಯ್ಯಲು ಪಂಪು ಇರಲಿಲ್ಲ. ಆದ್ದರಿಂದ ತೊಟ್ಟಿಯಲ್ಲಿ ಪೆಟ್ರೋಲು ತಗ್ಗಿದಾಗ ಕಡಿದಾದ ದಿಣ್ಣೆಯನ್ನು ಹಿಮ್ಮುಖವಾಗಿಯೇ ಏರಬೇಕಾಗಿತ್ತು. ಆದರೆ ವನೇಡಿಯಂ ಬೆರೆಸಿದ ಗಟ್ಟಿಯಾದ ಉಕ್ಕಿನಿಂದ ಮಾಡಿದ ಆ ಕಾರು ಹಗುರವಾಗಿತ್ತು. ನೆಲದಿಂದ ಎತ್ತರವಾಗಿದ್ದುದರಿಂದ ಹಳ್ಳಿಯ ಕೆಸರುದಾರಿಗೂ ಅಂಜುತ್ತಿರಲಿಲ್ಲ. ಕೆಟ್ಟರೆ ರೈತನೇ ಅದನ್ನು ರಿಪೇರಿ ಮಾಡಿಕೊಳ್ಳಬಹುದಾಗಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ಅಶ್ವಶಕ್ತಿಯನ್ನು ಎಂಜಿನಿನ ಗಾತ್ರದಿಂದ ಭಾಗಿಸಿದರೆ ಎರಡು ಕಾರುಗಳಿಗೂ ಲೀಟರಿಗೆ ಹೆಚ್ಚುಕಡಿಮೆ 7 ಅಶ್ವಶಕ್ತಿಯೇ ದೊರೆಯುತ್ತದೆ! ಹಾಗಾದರೆ ಅವುಗಳ ಅಂತರವಿರುವುದು ಎಂಜಿನಿನ ಜಾಣ್ಮೆಯಲ್ಲಲ್ಲ, ನಿರ್ಮಾಪಕರ ಧ್ಯೇಯದಲ್ಲಿ. ರಾಯ್ಸ್ ತನ್ನ ಶ್ರಮವನ್ನೆಲ್ಲ ಕಾರಿನ ನಯಕ್ಕೂ ನಿಶ್ಶಬ್ದಕ್ಕೂ ಮೀಸಲಿಟ್ಟನು. ಫೋರ್ಡನು ಬೆಲೆಯನ್ನು ತಗ್ಗಿಸುವುದಕ್ಕೆ ಮೀಸಲಿಟ್ಟನು.

ಫಲಿತಾಂಶವೂ ಅದಕ್ಕೆ ತಕ್ಕಂತೆಯೇ ಇತ್ತು. ಸಿಲ್ವರ್ ಗೋಸ್ಟಿನ ಚೌಕಟ್ಟು ಮತ್ತು ಎಂಜಿನಿಗೇ ಸುಮಾರು ಸಾವಿರ ಪೌಂಡು ತೆರಬೇಕಾಗಿತ್ತು. ಮೇಲಿನ ಒಡಲಿಗೆ ಬೇರೆ ಹಣ. ಸುಮಾರು ಇಪ್ಪತ್ತು ವರ್ಷಗಳಲ್ಲಿ ತಯಾರಾದವು ಎಂಟು ಸಾವಿರಕ್ಕೂ ಕಡಿಮೆ. ಫೋರ್ಡನಾದರೋ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ತನ್ನ ಕಾರ್ಖಾನೆಯಲ್ಲಿ ಆರಂಭಿಸಿದನು. 12 ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚೌಕಟ್ಟಿನ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 850 ಡಾಲರಿಗೆ ಮಾರಾಟವಾಗುತ್ತಿದ್ದ ಕಾರಿನ ಅತಿ ಅಗ್ಗದ ಮಾದರಿ 1925ರಲ್ಲಿ 260 ಡಾಲರಿಗೆ ದೊರೆಯಿತು. 1927ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಒಂದೂವರೆ ಕೋಟಿ ಕಾರುಗಳು ಹೊರಬಂದಿದ್ದವು.

ಈ ಅಗ್ಗಕ್ಕೂ ಒಂದು ಬೆಲೆಯಿತ್ತು. ದಿನವಿಡೀ ಒಂದೇ ಕೆಲಸವನ್ನು ಮಾಡಿ ಬೇಸತ್ತ ಕಾರ್ಮಿಕರು ತಂಡತಂಡವಾಗಿ ಕಾರ್ಖಾನೆಯನ್ನು ತೊರೆದರು. ಅವರನ್ನು ಉಳಿಸಿಕೊಳ್ಳಲು 1914ರಲ್ಲಿ ಫೋರ್ಡನು ದಿನಕ್ಕೆ ಐದು ಡಾಲರು ಗಳಿಸುವ ಅವಕಾಶವನ್ನು ಕಲ್ಪಿಸಬೇಕಾಯಿತು. ಅತ್ತ ಸಿಲ್ವರ್ ಗೋಸ್ಟಿನ ನಯವೂ ಸಿರಿವಂತರ ಮನೆಬಾಗಿಲಿಗೇ ಸೀಮಿತವಾಯಿತು.

ಒಂದು ಕಾರು ಯಂತ್ರವು ಎಷ್ಟು ಚೆನ್ನಾಗಿರಬಲ್ಲದೆಂಬುದನ್ನು ತೋರಿಸಿತು. ಮತ್ತೊಂದು ಎಷ್ಟು ಜನರಿಗೆ ಒದಗಬಲ್ಲದೆಂಬುದನ್ನು ತೋರಿಸಿತು. ಅಂಕಿಗಳು ಯಂತ್ರದ ಬಲವನ್ನು ಹೇಳುತ್ತವೆ. ಆ ಬಲ ಯಾರಿಗಾಗಿ, ಯಾರ ದುಡಿಮೆಯಿಂದ ಎಂಬುದನ್ನು ಮನುಷ್ಯನೇ ಕೇಳಿಕೊಳ್ಳಬೇಕು.