ಮರುಕಳಿಸುವ ಬಾಯಿಹುಣ್ಣು: ಹೋಗಿ ಬರುವುದು, ಹೋಗದೇ ಕೂರುವುದು

ನಮ್ಮ ಶಿರೂರ ಅನಂತಪಾಳ, ನಿಲಂಗಾ, ಉದಗೀರ ಕಡೆ ಕನ್ನಡ, ಮರಾಠಿ ಎರಡೂ ಕೂಡೇ ನಡೀತಾವ. ಬಾಯಿಹುಣ್ಣಿಗೆ ಮರಾಠಿಯಲ್ಲಿ ‘ತೋಂಡ ಆಲಂ’ ಅಂತಾರೆ, ಅಂದರೆ ‘ಬಾಯಿ ಬಂತು’. ಕನ್ನಡದಾಗ ‘ಉಷ್ಣ ಆಗ್ಯದ’ ಅಂತೀವಿ. ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಅವನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಅಫ್ತಸ್ ಹುಣ್ಣು. ತುಟಿ, ಗಲ್ಲದ ಒಳಗೆ ಅಥವಾ ನಾಲಿಗೆಯ ಬದಿಗೆ ದುಂಡಗೆ ಏಳುತ್ತದೆ. ನಡುವೆ ಬಿಳಿ-ಹಳದಿ, ಸುತ್ತ ಕೆಂಪು. ಸಾಮಾನ್ಯವಾಗಿ 1 ಸೆಂಟಿಮೀಟರಿಗಿಂತ ಚಿಕ್ಕದು, 7ರಿಂದ 14 ದಿನದಲ್ಲಿ ಕಲೆ ಇಲ್ಲದೆ ಮಾಯುತ್ತದೆ, ಕೆಲ ದಿನಕ್ಕೆ ಮತ್ತೆ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮನೆತನದ ಗುಣ, ಹಲ್ಲು ತಾಗಿದ ಗಾಯ, ಮನಸ್ಸಿನ ಒತ್ತಡ, ಕಬ್ಬಿಣಾಂಶ, ಫೋಲೇಟ್ ಅಥವಾ ಬಿ-12 ಕೊರತೆ ಇದಕ್ಕೆ ದಾರಿ ಮಾಡುತ್ತವೆ. ತೊಗರಿ ಬ್ಯಾಳಿಯಲ್ಲಿ ಫೋಲೇಟ್ ಇದೆ, ಆದರೆ ಬಿ-12 ಜ್ವಾಳದಾಗೂ ಇಲ್ಲ, ಬ್ಯಾಳಿಯಾಗೂ ಇಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮಾಂಸದಿಂದ ಬರಬೇಕು. 2009ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಪ್ರಯೋಗದಲ್ಲಿ ರೋಗಿಗಳು ದಿನಾ 1000 ಮೈಕ್ರೋಗ್ರಾಂ ಬಿ-12 ಗುಳಿಗೆಯನ್ನು ನಾಲಿಗೆ ಕೆಳಗಿಟ್ಟುಕೊಂಡರು. ಆರು ತಿಂಗಳ ಕೊನೆಗೆ ಅವರಲ್ಲಿ ಶೇ. 74 ಜನರಿಗೆ ಹುಣ್ಣೇ ಇರಲಿಲ್ಲ. ಬರೀ ಹುಸಿ ಗುಳಿಗೆ ತಗೊಂಡವರಲ್ಲಿ ಶೇ. 32. ಪದೇ ಪದೇ ಹುಣ್ಣಾಗುವವರು ರಕ್ತ ಪರೀಕ್ಷೆ ಮಾಡಿಸಬೇಕು. ಉರಿಗೆ ಉಪ್ಪುನೀರು ಮುಕ್ಕಳಿಸುವುದು, ಖಾರ ಬಿಡುವುದು, ವೈದ್ಯರು ಬರೆದರೆ ಟ್ರಯಾಮ್ಸಿನೊಲೋನ್ ಪೇಸ್ಟ್ ಹಚ್ಚುವುದು.

ಎರಡನೆಯದು ಅಡಿಕೆ, ಗುಟ್ಕಾ ತಿನ್ನುವವರ ಬಾಯುರಿ. ಖಾರ ತಡೆಯುವುದಿಲ್ಲ, ಒಳಗಿನ ಚರ್ಮ ಬೆಳ್ಳಗಾಗಿ ಬಿಗಿಯುತ್ತದೆ, ಬರಬರುತ್ತಾ ಬಾಯಿಯೇ ತೆರೆಯುವುದಿಲ್ಲ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಮಹಾರಾಷ್ಟ್ರ 2012ರಲ್ಲೇ ಗುಟ್ಕಾ ನಿಷೇಧಿಸಿದೆ, ಆದರೆ ಬರೀ ಅಡಿಕೆಯೂ ಈ ರೋಗಕ್ಕೆ ಸಾಕು. ವಿಟಮಿನ್ ಗುಳಿಗೆ ನುಂಗುತ್ತ ಚೀಟಿ ಹರಿದರೆ ಉಪಯೋಗವಿಲ್ಲ.

ಮೂರನೆಯದು ಒಂದೇ ಜಾಗದಲ್ಲಿ ಕೂತ ಹುಣ್ಣು. ಅಂಚು ಗಟ್ಟಿ, ಮೊದಮೊದಲು ನೋವಿರದು. ನೋವಿಲ್ಲವೆಂದೇ ಜನ ತಡಮಾಡುತ್ತಾರೆ. ಮೂರು ವಾರ ದಾಟಿದರೆ ಚೂರು ತೆಗೆದು ಬಯಾಪ್ಸಿ ಮಾಡಿಸಲೇಬೇಕು.

ಇನ್ನೊಂದು ಮಾತು. ತಂಬಾಕು ಬಿಟ್ಟ ಕೆಲವರಿಗೆ ಮೊದಲ ಕೆಲವು ವಾರ ಅಫ್ತಸ್ ಹುಣ್ಣು ಏಳುತ್ತವೆ. ‘ಬಿಟ್ಟಮ್ಯಾಲೇ ಬಾಯಿ ಕೆಟ್ಟಿತು’ ಅಂತ ಮತ್ತೆ ಹಿಡೀತಾರೆ. ಅದು ಹೋಗುವ ಹುಣ್ಣು ಎಂದು ಮೊದಲೇ ಹೇಳಿಟ್ಟರೆ ಅವರು ತಡೆದುಕೊಂಡಾರು.

ಹಾಗಾಗಿ ಕ್ಷೇತ್ರಕಾರ್ಯಕ್ಕೆ ಹೋದಾಗ ‘ಉಷ್ಣ ಆಗ್ಯದ’ ಅಂದವರನ್ನು ನಾವು ಮೊದಲು ಕೇಳಬೇಕಾದದ್ದು: ‘ಹುಣ್ಣು ಹೋಗಿ ಬರ್ತದೇನು, ಅಲ್ಲೇ ಕುಂತದೇನು?’