ಬೆಂಗಳೂರು ಕಲಿಸುವ ಪಾಠ

ಪಿಯುಸಿ ಮುಗಿಸಿ ಬೆಂಗಳೂರಿಗೆ ಬಂದ ಹಳ್ಳಿ ಹುಡುಗನಿಗೆ ಮೊದಲ ಪಾಠವಾಗುವುದು ಕಾಲೇಜಿನಲ್ಲಲ್ಲ, ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ. ಕಂಡಕ್ಟರರನ್ನು ಕೇಳಲು ನಾಚಿದರೆ ಇಳಿಯುವುದು ಇನ್ನೆಲ್ಲೋ!

ದುಡ್ಡಿನ ಪಾಠ ಇನ್ನೂ ಕಠಿಣ. ಮೊಬೈಲಿನಲ್ಲಿ ತೆತ್ತದ್ದು ಕಣ್ಣಿಗೆ ಕಾಣುವುದಿಲ್ಲ; ಅಪ್ಪ ಕಳಿಸಿದ್ದು ತಿಂಗಳ ನಡುವೆಯೇ ಖಾಲಿ. ಆಗ ಕಾಸು ಕೇಳದ ಜಾಗಗಳು ಅಚ್ಚುಮೆಚ್ಚಾಗುತ್ತವೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯದಲ್ಲಿ ಗಂಟೆಗಟ್ಟಲೆ ಓದುತ್ತ ಕುಳಿತರೂ ಏಳು ಎನ್ನುವವರಿಲ್ಲ. ಕೈಯಲ್ಲಿ ನಾಲ್ಕು ಕಾಸಿದ್ದ ದಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನದ ದೋಸೆ. 1943ರಲ್ಲಿ ವಿದ್ಯಾರ್ಥಿಗಳಿಗೆಂದೇ ಶುರುವಾದ ಹೋಟೆಲು. ಶುಕ್ರವಾರ ರಜೆ ಎಂಬುದನ್ನು ಹೊಸಬರು ಮುಚ್ಚಿದ ಬಾಗಿಲ ಮುಂದೆ ನಿಂತೇ ಕಲಿಯುತ್ತಾರೆ.

ರಾತ್ರಿ ಅಮ್ಮನ ಫೋನು: "ಊಟ ಆಯ್ತೇನೋ?" "ಆಯ್ತಮ್ಮ" ಎನ್ನುತ್ತಾನೆ. ದನಿ ಕೇಳಿದ ಅಮ್ಮ ಮರುದಿನವೇ ಊರಿನ ಬಸ್ಸಿನಲ್ಲಿ ಚಕ್ಕುಲಿ ಡಬ್ಬಿ ಕಳಿಸುತ್ತಾಳೆ.